ಚಿಟಿಕೆ ಬೆಂಜೊಯೇಟಿಗೆ ಇಷ್ಟು ಮರ್ಯಾದೆಯೇ?

ಮನೆಯಲ್ಲಿ ಮಾಡಿದ ಲಿಕ್ವಿಡ್ ಸೋಪಿಗೆ ಪ್ರಿಸರ್ವೇಟಿವ್ ಬೇಕೇ ಎಂದು ಜಗಳವಾಡುವವರು ತಮ್ಮ ಬಾಟಲಿಯಲ್ಲಿ ಇರುವುದೇನು ಎಂದು ನೋಡಿಕೊಂಡಂತಿಲ್ಲ. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಪೊಟ್ಯಾಶ್ ಸೇರಿಸಿ ಕಾಯಿಸಿ, ಆ ಮುದ್ದೆಗೆ ನೀರು ಬೆರೆಸಿದ್ದು ಒಂದು. ಅಂಟುವಾಳ ಕುದಿಸಿ ಸೋಸಿದ್ದು ಇನ್ನೊಂದು. ಎರಡಕ್ಕೂ ಒಂದೇ ಹೆಸರು, ಒಂದೇ ಸಲಹೆ: ಚಿಟಿಕೆ ಸೋಡಿಯಂ ಬೆಂಜೊಯೇಟ್.

ಈ ಚಿಟಿಕೆಗೆ ಸಂದಿರುವ ಗೌರವ ಅತಿಯಾಯಿತು. ಬೆಂಜೊಯೇಟ್ ಇದ್ದ ರೂಪದಲ್ಲೇ ಹೆಚ್ಚೇನೂ ಮಾಡದು. ಹುಳಿಯಲ್ಲಿ ಬೆಂಜೊಯಿಕ್ ಆಮ್ಲವಾಗಿ ತಿರುಗಿದಾಗಲೇ ಸೂಕ್ಷ್ಮಜೀವಿಯ ಪೊರೆ ದಾಟಿ ಒಳಹೊಗುತ್ತದೆ. ಪಿಎಚ್ 4.2ರಲ್ಲಿ ಅರ್ಧ ಪಾಲು ಆಮ್ಲವಾಗಿರುತ್ತದೆ. ಉಪ್ಪಿನಕಾಯಿ, ಸ್ಕ್ವಾಷ್‌ಗಳಲ್ಲಿ ಅದು ಕೆಲಸಕ್ಕೆ ಬರುವುದು ಅದಕ್ಕೇ. ಪೊಟ್ಯಾಶ್ ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. 9.5ಕ್ಕೆ ಲೆಕ್ಕ ಹಾಕಿ ನೋಡಿ, ಆಮ್ಲವಾಗಿ ಉಳಿಯುವುದು ಸುಮಾರು ಎರಡು ಲಕ್ಷದಲ್ಲಿ ಒಂದು ಪಾಲು! ನಿಂಬೆರಸ ಹಿಂಡಿ ಪಿಎಚ್ ಇಳಿಸಲು ಹೋದರೆ ಸೋಪೇ ಒಡೆಯುತ್ತದೆ, ಕೊಬ್ಬಿನ ಆಮ್ಲ ಬೆಳ್ಳಗೆ ಬೇರ್ಪಟ್ಟು ನಿಲ್ಲುತ್ತದೆ. ಬೆಂಜೊಯೇಟ್ ಗೆಲ್ಲಬೇಕಾದರೆ ಸೋಪು ಸಾಯಬೇಕು. ಪೊಟ್ಯಾಸಿಯಂ ಸೋರ್ಬೇಟಿನ ಹಣೆಬರಹವೂ ಇದೇ. ಇನ್ನು ವಿಟಮಿನ್ ಇ: ಅದು ಎಣ್ಣೆ ಕಮಟು ಹಿಡಿಯುವುದನ್ನು ನಿಧಾನಿಸೀತು, ಬ್ಯಾಕ್ಟೀರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಿಸರ್ವೇಟಿವ್ ಇಲ್ಲದೆ ಆಗದು ಎನ್ನುವವರು ಅಮೆರಿಕದ 2011ರ ಅಧ್ಯಯನವೊಂದನ್ನು ಮುಂದಿಡುತ್ತಾರೆ. ಸಾರ್ವಜನಿಕ ಸ್ಥಳಗಳಲ್ಲಿ ಮತ್ತೆ ಮತ್ತೆ ತುಂಬಿಸುವ ಸೋಪಿನ ಡಬ್ಬಿಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿತ್ತು. ನಿಜ. ಆದರೆ ಅಂಗಡಿಯ ಹ್ಯಾಂಡ್‌ವಾಶ್‌ಗೆ ಸಾಮಾನ್ಯವಾಗಿ ಪ್ರಿಸರ್ವೇಟಿವ್ ಹಾಕಿಯೇ ಇರುತ್ತಾರಲ್ಲ! ಹಾಗಿದ್ದೂ ಕೆಟ್ಟಿದ್ದರೆ ದೂರಬೇಕಾದದ್ದು ತೊಳೆಯದೆ ಮೇಲಿಂದ ಸುರಿಯುವ ಅಭ್ಯಾಸವನ್ನು. ಅರ್ಧ ಖಾಲಿಯಾದ ಡಬ್ಬಿಗೆ ಸೋಪು ಸುರಿಯಬೇಡಿ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2002ರಲ್ಲೇ ಆಸ್ಪತ್ರೆಗಳಿಗೆ ಹೇಳಿತ್ತು. ತಮಗೇ ತಿರುಗಿಬೀಳುವ ಸಾಕ್ಷ್ಯವನ್ನು ಇವರು ಇಷ್ಟು ಹೆಮ್ಮೆಯಿಂದ ಹಿಡಿದು ತಿರುಗುವುದು ನನಗಂತೂ ಸೋಜಿಗ.

ಕ್ಷಾರವನ್ನು ಒಂದಿಷ್ಟು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳೂ ಇವೆ, ಒಪ್ಪುತ್ತೇನೆ. ಮಾರುವವರು, ತಿಂಗಳುಗಟ್ಟಲೆ ಇಡುವವರು ಪರೀಕ್ಷೆ ಮಾಡಿಸಿ, ಕ್ಷಾರದಲ್ಲೂ ಕೆಲಸ ಮಾಡುವ ಪ್ರಿಸರ್ವೇಟಿವ್ ಹಾಕಲಿ. ಮನೆಬಳಕೆಗೆ ಅದರ ಅಗತ್ಯವಿಲ್ಲ. ಸೋಪನ್ನು ಮುದ್ದೆಯಾಗಿಯೇ ಇಟ್ಟುಕೊಂಡು, ಕುದಿಸಿ ಆರಿಸಿದ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿಸಿ, ತೊಳೆದು ಒಣಗಿಸಿದ ಬಾಟಲಿಗೆ ತುಂಬಿದರೆ ಸಾಕು. ಲೋಳೆಸರ, ಹಾಲು, ಜೇನುತುಪ್ಪ ಬೆರೆಸಿದಿರೋ, ಈ ಮಾತು ನಿಮಗಲ್ಲ.

ನಿಜವಾಗಿ ಕೆಡುವುದು ಅಂಟುವಾಳದ ನೀರು. ಅದು ಮೊದಲೇ ಹುಳಿ, ಜೊತೆಗೆ ಕಾಯಿಯ ಸಕ್ಕರೆಯೂ ಉಂಟು. ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ನಾರುತ್ತದೆ. ಸಿಟ್ರಿಕ್ ಆಮ್ಲ ಹಾಕಿ ಪಿಎಚ್ ನಾಲ್ಕರ ಆಸುಪಾಸಿಗೆ ತಂದರೆ ಆ ಚಿಟಿಕೆ ಬೆಂಜೊಯೇಟ್ ಬೂಷ್ಟನ್ನು ತಡೆಯುವುದು ಇಲ್ಲೇ. ಆದರೆ ಇಲ್ಲೇ ಕೆಲವರಿಂದ ‘ನೈಸರ್ಗಿಕ’ದ ಹೆಸರಲ್ಲಿ ಅದಕ್ಕೆ ಬಹಿಷ್ಕಾರ. ಅದು ಬೇಡವೆನ್ನುವವರು ಕಾಯನ್ನು ಒಣಗಿಸಿಟ್ಟುಕೊಂಡು ಬೇಕಾದಷ್ಟೇ ಕುದಿಸಿಕೊಳ್ಳಲಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಡಲಿ.