ಎರೆಮಣ್ಣಿಗೆ ಕಾರಿನ ಪಾಲಿಶ್

ರಾಯಚೂರು ಸೀಮೆಯ ಎರೆಮಣ್ಣು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಮಳೆಗಾಲದಲ್ಲಿ ದೇವದುರ್ಗದ ಹೊಲದ ದಾರಿಯಲ್ಲೋ, ಮಾನ್ವಿಯ ಗದ್ದೆಗಳ ನಡುವಿನ ಕಾಲುವೆ ಏರಿಯ ಮೇಲೋ ಮೌಂಟನ್ ಬೈಕ್ ಓಡಿಸಿದವರಿಗೆ ಇದು ಗೊತ್ತು. ಪೆಡಲಿನ ಬುಡದಲ್ಲಿ, ಹಿಂದಿನ ಗಾಲಿಯ ಸಂದಿಯಲ್ಲಿ ಮೆತ್ತಿಕೊಂಡು ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಕೆರೆದರೆ ಬಣ್ಣಕ್ಕೆ ಗೀರು.

ಇದಕ್ಕೆ ಕಾರಿನ ಮೇಣದ ಪಾಲಿಶ್‌ನಷ್ಟು ಒಳ್ಳೆಯ ಮದ್ದು ನಾನು ಕಂಡಿಲ್ಲ. ಫ್ರೇಮ್ ತೊಳೆದು, ಪೂರ್ತಿ ಒಣಗಿಸಿ, ನೆರಳಲ್ಲಿ ನಿಲ್ಲಿಸಬೇಕು. ಹಳೆ ಬನಿಯನ್ ಬಟ್ಟೆಯನ್ನು ಬೆರಳಿಗೆ ಸುತ್ತಿ, ಚೂರೇ ಚೂರು ಮೇಣ ತೆಗೆದು ತೆಳ್ಳಗೆ ಸವರಬೇಕು. ಅದು ಆರಿ ಬೆಳ್ಳಗಾದ ಮೇಲೆ ಒಣಬಟ್ಟೆಯಿಂದ ಉಜ್ಜಿದರೆ ಬಣ್ಣ ಎದ್ದು ಬರುತ್ತದೆ. ಮೇಲೆ ಬಿದ್ದ ನೀರು ಹನಿಹನಿಯಾಗಿ ಜಾರುತ್ತದೆ. ಮುಂದಿನ ಸಲ ಕೆಸರು ಅಂಟಿದರೂ ಬಕೆಟ್ ನೀರಿಗೇ ಬಿಡುತ್ತದೆ.

ಇಂಥ ಎಷ್ಟೋ ಪಾಲಿಶ್‌ಗಳಲ್ಲಿ ಇರುವುದು ಬ್ರೆಜಿಲ್‌ನ ಕಾರ್ನೌಬಾ ತಾಳೆಗರಿಯ ಮೇಣ. ಒಣಹವೆಯಲ್ಲಿ ಎಲೆಯ ನೀರು ಆರದಂತೆ ಕಾಯುವ ಹೊದಿಕೆ ಅದು. ಶುದ್ಧ ಕಾರ್ನೌಬಾ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೇ ಕರಗುವುದು. ನಮ್ಮ ಮೇ ತಿಂಗಳ ಬಿಸಿಲು ಅದಕ್ಕೆ ಯಾವ ಲೆಕ್ಕ!

ಕೊಳ್ಳುವಾಗ ಮಾತ್ರ ಡಬ್ಬಿ ಓದಿ. ಗೀರು ತೆಗೆಯುವ ಪಾಲಿಶ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ, ಪದೇಪದೇ ಹಚ್ಚಿದರೆ ಬಣ್ಣ ಸವೆಯುತ್ತದೆ. ಹೊಳಪಿಲ್ಲದ ಮ್ಯಾಟ್ ಫ್ರೇಮಿಗೆ ಮೇಣದ ಪಾಲಿಶ್ ಕೂಡ ಬೇಡ, ಕಲೆ ಬೀಳುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆಗಂತೂ ಮೇಣ ಸೋಕಿಸಲೇಬೇಡಿ, ಬ್ರೇಕ್ ಹಿಡಿಯುವುದಿಲ್ಲ.