ರಿಕಾಪು ಮತ್ತು ಊಳಿಗಮಾನ್ಯ: ಒಂದು ವಿಮರ್ಶೆ

ಯೂರೋಪಿನ ಊಳಿಗಮಾನ್ಯ ವ್ಯವಸ್ಥೆಗೆ ರಿಕಾಪೇ (ನಮ್ಮ ಕಾವ್ಯಗಳ ಅಂಕವಣೆ) ಮೂಲವೆಂದು ಲಿನ್ ವೈಟ್ ಅವರು 1962ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅದರಲ್ಲಿ ಕಾಲೂರಿದ ರಾವುತನು ಕುದುರೆಯ ವೇಗವನ್ನೆಲ್ಲ ಈಟಿಯ ಮೊನೆಗೆ ತರಬಲ್ಲವನಾದನು. ಅಂತಹ ದುಬಾರಿ ಯೋಧರನ್ನು ಪೋಷಿಸಲೆಂದೇ ಚಾರ್ಲ್ಸ್ ಮಾರ್ಟೆಲನು ಚರ್ಚಿನ ಭೂಮಿಗಳನ್ನು ಕಸಿದು ಹಂಚಿದನು ಎಂಬುದು ಅವರ ವಾದಸರಣಿ. ವಾದವೇನೋ ಮನೋಹರವಾಗಿದೆ, ತರಗತಿಗಳಲ್ಲಿ ಬೋಧಿಸಲು ಸುಲಭವೂ ಹೌದು. ಆದರೆ ನಾವು ಇದನ್ನು ಒಪ್ಪಲಾರೆವು. 732ರ ಪ್ವಾಟಿಯೇ ಕದನದಲ್ಲಿ ಫ್ರಾಂಕರು ಹಿಮದ ಗೋಡೆಯಂತೆ ಅಲುಗದೆ ನಿಂತರೆಂದು 754ರ ಸ್ಪೇನಿನ ಲ್ಯಾಟಿನ್ ವೃತ್ತಾಂತವು ತಿಳಿಸುತ್ತದೆ. ಹೀಗೆ ನಿಲ್ಲುವುದು ಕಾಲಾಳುಗಳ ಲಕ್ಷಣವಲ್ಲದೆ ಮೇಲೆ ಬೀಳುವ ರಾವುತರದಲ್ಲ. ಮಾರ್ಟೆಲನ ಸೇನೆಯಲ್ಲಿ ಅಶ್ವದಳಕ್ಕೆ ಅಷ್ಟು ಪ್ರಾಧಾನ್ಯವಿರಲಿಲ್ಲವೆಂದು 1970ರಲ್ಲಿ ಬರ್ನಾರ್ಡ್ ಬ್ಯಾಕ್ರಾಕ್ ಅವರೂ ವಾದಿಸಿದರು. ಬೈಜಾಂಟಿಯಂನ ರಾವುತರಾದರೋ ಸುಮಾರು 600ರ ವೇಳೆಗೇ ರಿಕಾಪನ್ನು ಬಲ್ಲವರಾಗಿದ್ದರು. ಅವರ ಭೂಹಿಡುವಳಿ ಆ ಹಾದಿಯನ್ನು ಹಿಡಿಯಲಿಲ್ಲವೇಕೆ? ಈ ಪ್ರಶ್ನೆಗೆ ಉತ್ತರವನ್ನು ಕುದುರೆಯ ಜೀನಿನಲ್ಲಲ್ಲ, ಭೂದಾನದ ಪತ್ರಗಳಲ್ಲಿ ಅರಸಬೇಕಾಗಿದೆ.