ಗೃಹಭಂಗದ ಪ್ಲೇಗೂ ಹಾಸನದ ಆಸ್ಪತ್ರೆಗಳೂ

ಎಸ್. ಎಲ್. ಭೈರಪ್ಪನವರ 'ಗೃಹಭಂಗ' 1970ರಲ್ಲಿ ಪ್ರಕಟವಾದಂದಿನಿಂದ ಅದನ್ನು ಕುರಿತು ಬಂದಿರುವ ವಿಮರ್ಶೆ ಸ್ವಲ್ಪವಲ್ಲ. ನಂಜಮ್ಮನ ಸಹನೆ, ಗಂಗಮ್ಮನ ಬಾಯಿ, ಚೆನ್ನಿಗರಾಯರ ಹೊಟ್ಟೆಬಾಕತನ, ಇವುಗಳ ಚರ್ಚೆ ಸಾಕಷ್ಟು ಆಗಿದೆ. ಆದರೆ ಪ್ಲೇಗಿನ ಪ್ರಸಂಗಕ್ಕೆ ಬಂದೊಡನೆ ನಮ್ಮ ವಿಮರ್ಶಕರಲ್ಲಿ ಹಲವರು 'ವಿಧಿಯ ಕ್ರೌರ್ಯ' ಎಂದು ಒಂದು ಮಾತು ಹೇಳಿ ಮುಂದೆ ನಡೆಯುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಆ ಪುಟಗಳಲ್ಲಿರುವುದು ವಿಧಿಗಿಂತ ಹೆಚ್ಚಾಗಿ ವೈದ್ಯ ಎಂದೇ ನನ್ನ ಅಭಿಪ್ರಾಯ. ಸರಿಯಾಗಿ ಹೇಳುವುದಾದರೆ, ಸಮಯಕ್ಕೆ ಒದಗದ ವೈದ್ಯ.

ರಾಮಸಂದ್ರಕ್ಕೆ ಪ್ಲೇಗು ಬಂದಾಗ ಜನ ಮಾಡುವುದೇನು? ಮನೆಗಳಿಗೆ ಬೀಗ ಹಾಕಿ ಊರಾಚೆ ಹೋಗಿ ಷೆಡ್ಡುಗಳಲ್ಲಿ ಇರುತ್ತಾರೆ. ಅದು ತಲೆತಲಾಂತರದಿಂದ ಕಲಿತ ಉಪಾಯ. ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯಬಲ್ಲಳು, ಸಂಸಾರವನ್ನು ಒಬ್ಬಳೇ ಎತ್ತಿ ನಿಲ್ಲಿಸಬಲ್ಲಳು. ಆದರೆ ಆ ಜಾಣ್ಮೆಯೆಲ್ಲ ಸೇರಿದರೂ ಮಕ್ಕಳು ಉಳಿಯಲಿಲ್ಲ. ಕೊನೆಗೆ ಅವಳೂ ಉಳಿಯಲಿಲ್ಲ. ಇಲಿಗೆ ಗೋಡೆಯ ಈಚೆ ಯಾರು, ಆಚೆ ಯಾರು ಎಂಬ ಭೇದವಿಲ್ಲ. ಒಂದು ಮನೆಯವರು ದುಡ್ಡು ಕೊಟ್ಟು ತಮಗಷ್ಟೇ ಆರೋಗ್ಯವನ್ನು ಕೊಂಡುಕೊಳ್ಳಲಾರದ ಕಾಯಿಲೆ ಅದು. ಕಾದಂಬರಿಕಾರರು ವಾದಕ್ಕೆ ನಿಲ್ಲದೆ ಈ ಸಂಗತಿಯನ್ನು ಕಣ್ಣಿಗೆ ಕಟ್ಟಿಸಿದ್ದಾರೆ. ಅವರಿಗೆ ಇದು ಕಲ್ಪನೆಯಾಗಿರಲಿಲ್ಲ. 1931ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು ಅವರು. 'ಭಿತ್ತಿ'ಯನ್ನು ಓದಿದವರಿಗೆ ಇದು ಗೊತ್ತಿದೆ.

ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಹಾಫ್‌ಕಿನ್ ಎಂಬಾತ ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿದ್ದ. ಮುಂದೆ ಈ ರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಮದ್ದು ಹುಟ್ಟುವುದು ಒಂದು ಮಾತು. ಅದು ರಾಮಸಂದ್ರದಂಥ ಊರನ್ನು ಮುಟ್ಟುವುದು ಇನ್ನೊಂದು ಮಾತು. ಮುಟ್ಟಿಸುವವರು ಯಾರು? ಲಾಭದ ಲೆಕ್ಕ ಹಾಕುವವನು ಅಲ್ಲಿಗೆ ಬರಲಾರ. ಹಣ ಕೊಡಲಾರದವನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲಿ ಬರೆಯಿತು. 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತೆರೆದುಕೊಂಡವು. ಗೃಹಭಂಗದ ಮರಣಗಳನ್ನು ನಾನು ಓದುವುದು ಈ ಹಿನ್ನೆಲೆಯಲ್ಲಿ.

ಇದೆಲ್ಲ ಹಳೆಯ ಕಥೆ, ಈಗ ಹಣವಿದ್ದವರಿಗೆ ಖಾಸಗಿ ಆಸ್ಪತ್ರೆ, ಇಲ್ಲದವರಿಗೆ ಸರ್ಕಾರದ್ದು ಎಂದು ತೀರ್ಮಾನವಾಗಿದೆಯಲ್ಲ ಎನ್ನುವವರುಂಟು. ಅವರು 2025ರ ಬೇಸಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ನಡೆದುದನ್ನು ನೆನೆಯಬೇಕು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ಸುದ್ದಿಯಾಯಿತು. ಅವರಲ್ಲಿ ಪ್ರಾಯದವರೂ ಇದ್ದರು. ಜನಕ್ಕೆ ದಿಗಿಲು ಹತ್ತಿತು. ದಿಗಿಲು ಬಿದ್ದವರು ಓಡಿದ್ದು ಎಲ್ಲಿಗೆ? ಮೈಸೂರಿನ ಜಯದೇವ ಆಸ್ಪತ್ರೆಗೆ. ಬೆಳಗಾಗುವ ಮೊದಲೇ ಅಲ್ಲಿ ಸಾಲು ನಿಂತಿತು. ಜಯದೇವ ಸರ್ಕಾರದ ಸ್ವಾಯತ್ತ ಸಂಸ್ಥೆ, ಯಾವ ಸೇಠಿನ ಸ್ವತ್ತೂ ಅಲ್ಲ. ಅದರ ಆಗಿನ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಹಿಂದಿಗಿಂತ ಅಸಹಜವಾದ ಏರಿಕೆ ಕಾಣುವುದಿಲ್ಲವೆಂದು ಹೇಳಿತು. ಸತ್ತವರಲ್ಲಿ ಆಟೋ, ಟ್ಯಾಕ್ಸಿ ಚಾಲಕರು ಎದ್ದುಕಾಣುವಷ್ಟು ಇದ್ದರೆಂಬುದನ್ನೂ ಗುರುತಿಸಿತು. ಆ ಎರಡನೆಯ ಮಾತು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಹೃದಯಾಘಾತ ಪ್ಲೇಗಿನಂತಲ್ಲ, ಒಬ್ಬರಿಂದ ಒಬ್ಬರಿಗೆ ಹರಡದು. ಹಾಗಾಗಿ ಇಲ್ಲಿ ಖಾಸಗಿಯವರ ವಾದಕ್ಕೆ ಬಲ ಹೆಚ್ಚು ಎಂದು ತೋರಬಹುದು. ಆದರೆ ಅರಕಲಗೂಡಿನ ಹಳ್ಳಿಯೊಂದರಲ್ಲಿ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡವನಿಗೆ ಬೇಕಾದದ್ದು ಮೊದಲ ಗಂಟೆಯಲ್ಲಿ ಒಂದು ಇ.ಸಿ.ಜಿ., ಹೆಪ್ಪು ಕರಗಿಸುವ ಒಂದು ಚುಚ್ಚುಮದ್ದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವುದರಿಂದ ಹೊರಟರೂ ಹಾಸನ ಮೂವತ್ತು ನಲವತ್ತು ಕಿಲೋಮೀಟರು. ಮೈಸೂರು, ಬೆಂಗಳೂರುಗಳ ಮಾತು ಬಿಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಹತ್ತಾರು ಸಾವಿರ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಏರ್ಪಾಡು ಇದಕ್ಕಾಗಿಯೇ ಹುಟ್ಟಿತು. ರಾತ್ರಿಯ ಪಾಳಿಯಲ್ಲಿ ಅದನ್ನು ಹಾಕಬಲ್ಲ ವೈದ್ಯರು ಎಚ್ಚರವಾಗಿರಬೇಕು, ಅಷ್ಟೆ. ಈ 'ಅಷ್ಟೆ'ಯಲ್ಲೇ ಎಲ್ಲವೂ ಇದೆ.

ಹಾಗೆಂದು ನಾನು ಸರ್ಕಾರಿ ಆಸ್ಪತ್ರೆಯ ವಕೀಲನಲ್ಲ. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಹತ್ತಿರದ ಮುದುಕಿಯೊಬ್ಬರ ಜೊತೆಗೆ ಮೂರು ದಿನ ಇದ್ದೆ. ಮದ್ದು ಸಿಕ್ಕಿತು, ಗುಣವೂ ಆಯಿತು. ಆದರೆ ಮೂರು ದಿನವೂ ಆಕೆ 'ಏ ಅಜ್ಜಿ, ಆಚೆ ನಿಲ್ಲು' ಆಗಿಯೇ ಇದ್ದಳು. ಮುಂದಿನ ಸಲ ಆಕೆ ಹಟ ಹಿಡಿದು ನರ್ಸಿಂಗ್ ಹೋಮಿಗೆ ಹೋದಳು. ಅಲ್ಲಿ 'ಬನ್ನಿ ಅಜ್ಜಿ, ಕೂತ್ಕೊಳ್ಳಿ' ಎಂದರು. ಬಿಲ್ಲು ನೋಡಿದಾಗ ಆ ಬಹುವಚನಕ್ಕೂ ಒಂದು ಬಾಬು ಇದ್ದಂತೆ ನನಗೆ ಕಂಡಿತು. ಆಕೆಗೆ ಮಾತ್ರ ಪಶ್ಚಾತ್ತಾಪವಿರಲಿಲ್ಲ. ಸರ್ಕಾರದ ಪಕ್ಷ ವಹಿಸುವ ನನ್ನ ಮಿತ್ರರು ಈ ಸಣ್ಣ ಸಂಗತಿಗೆ ಕೊಡುವ ಬೆಲೆ ಸಾಲದು.

2017ರಲ್ಲಿ ಖಾಸಗಿ ವೈದ್ಯ ಸಂಸ್ಥೆಗಳ ಕಾಯಿದೆಯ ತಿದ್ದುಪಡಿ ಬಂದಾಗ ನಡೆದ ಜಗಳವನ್ನು ವಾಚಕರು ಮರೆತಿರಲಾರರು. ನವೆಂಬರಿನಲ್ಲಿ ಖಾಸಗಿ ವೈದ್ಯರು ಬಾಗಿಲು ಮುಚ್ಚಿದರು. ಜೈಲು ಶಿಕ್ಷೆಯ ಮಾತು ಬಿಟ್ಟುಹೋಯಿತು. ಸರ್ಕಾರಿ ಆಸ್ಪತ್ರೆಗಳೂ ಅದೇ ಕಾಯಿದೆಗೆ ಒಳಪಡಲಿ ಎಂದು ನ್ಯಾಯಮೂರ್ತಿ ವಿಕ್ರಮಜಿತ್ ಸೇನರ ಸಮಿತಿ ಹೇಳಿತ್ತು. ಸರ್ಕಾರ ಅದನ್ನು ಒಪ್ಪಲಿಲ್ಲ. ಇನ್ನೊಬ್ಬರ ತಕ್ಕಡಿಯನ್ನು ಪರೀಕ್ಷಿಸಹೊರಟವರು ತಮ್ಮದನ್ನು ಮುಂದಿಡಲು ಹಿಂಜರಿದರೆ ಜನ ನಂಬುವುದು ಹೇಗೆ? 2018ರ ಆರೋಗ್ಯ ಕರ್ನಾಟಕ ಯೋಜನೆಯ ಮೇಲಂತೂ ಸರ್ಕಾರವೇ ಖಾಸಗಿ ಆಸ್ಪತ್ರೆಯ ಗಿರಾಕಿಯಾಗಿದೆ. ಜಿಲ್ಲಾ ಆಸ್ಪತ್ರೆಯ ಚೀಟಿ ಹಿಡಿದವನು ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತುತ್ತಾನೆ. ಅವನು ಯಾವ ಪಕ್ಷದವನೆಂದು ಹೇಳುವಿರಿ?

ಇಷ್ಟೆಲ್ಲ ನಡೆಯುತ್ತಿರುವಾಗ ನಮ್ಮ ಕಾದಂಬರಿ ಎಲ್ಲಿದೆ ಎಂಬುದು ನನ್ನ ಪ್ರಶ್ನೆ. ಕನ್ನಡದಲ್ಲಿ ವೈದ್ಯಸಾಹಿತಿಗಳಿಗೆ ಬರವಿಲ್ಲ. ರಾಶಿಯವರು ವೈದ್ಯವೃತ್ತಿಯ ನಡುವೆಯೇ 1942ರಿಂದ 'ಕೊರವಂಜಿ'ಯನ್ನು ನಡೆಸಿದರು. ಅನುಪಮಾ ನಿರಂಜನರು ಕಥೆ ಕಾದಂಬರಿಗಳ ಜೊತೆಗೆ 'ತಾಯಿ-ಮಗು' ಬರೆದರು. ಆದರೂ ಆಸ್ಪತ್ರೆಯ ವರಾಂಡದಲ್ಲಿ ಕೂತ ಸಂಸಾರವೊಂದರ ಮೂರು ದಿನಗಳನ್ನು ರಾಮಸಂದ್ರದ ಷೆಡ್ಡುಗಳಷ್ಟು ನಿಷ್ಠುರವಾಗಿ ತೋರಿಸಿದ ಕಾದಂಬರಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಂಜಮ್ಮನ ಮೊಮ್ಮಗಳು ಇಂದು ಹಾಸನದಲ್ಲಿ ಇದ್ದಾಳೆಂದಿಟ್ಟುಕೊಳ್ಳಿ. ಅಜ್ಜಿಯ ಲೆಕ್ಕದ ಬುದ್ಧಿ ಅವಳಿಗೂ ಬಂದಿದೆ. ಗಂಡ ಟ್ಯಾಕ್ಸಿ ಓಡಿಸುತ್ತಾನೆ. ಒಂದು ಕೈಯಲ್ಲಿ ರೇಷನ್ ಕಾರ್ಡು, ಇನ್ನೊಂದರಲ್ಲಿ ನರ್ಸಿಂಗ್ ಹೋಮಿನ ಮುಂಗಡದ ರಶೀತಿ ಹಿಡಿದು, ಬಿಲ್ಲಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಅವಳು ಕೇಳುವ ಪ್ರಶ್ನೆಗಳನ್ನು ಯಾರಾದರೂ ಬರೆದುಕೊಳ್ಳಬೇಕು.